ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಜಾಗವಿಲ್ಲವೇ?

ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆಂದ ಐಪಿಸಿ 498ಎ ಬಂದದ್ದು 1983ರಲ್ಲಿ. (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ.) ಮೂರು ವರ್ಷದವರೆಗೆ ಜೈಲಿನ ಮಾತು ಅದರಲ್ಲಿತ್ತು. ದೂರು ಕೊಟ್ಟವಳು ಆ ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿರಬೇಕು ಎಂಬುದು ಇರಲಿಲ್ಲ.

ಆ ಕೊರತೆ ತುಂಬಲು ಬಂದದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ; ಜಾರಿಯಾದದ್ದು 2006ರ ಅಕ್ಟೋಬರ್ 26ಕ್ಕೆ. ಹೊಡೆತವಷ್ಟೇ ಅಲ್ಲ, ಹೀಯಾಳಿಕೆ, ಲೈಂಗಿಕ ಬಲವಂತ, ಸಂಬಳ ಕಿತ್ತುಕೊಳ್ಳುವುದು, ಮನೆಖರ್ಚಿಗೆ ಕೊಡದಿರುವುದೂ ಹಿಂಸೆಯೇ ಎಂದಿತು. ಆಸ್ತಿಯಲ್ಲಿ ಪಾಲಿರಲಿ ಬಿಡಲಿ, ಬಾಳಿದ ಮನೆಯಲ್ಲಿ ಇರುವ ಹಕ್ಕು ಕೊಟ್ಟಿತು.

ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೊಟಕುಗೊಳಿಸಿತು: ಗಂಡನ ಸ್ವಂತದ್ದು, ಬಾಡಿಗೆಯದ್ದು ಅಥವಾ ಅವನೂ ಸದಸ್ಯನಾದ ಕೂಡುಕುಟುಂಬದ ಮನೆಗೆ ಮಾತ್ರ ಹಕ್ಕು ಎಂದಿತು. ಮಗ-ಸೊಸೆ ಅಪ್ಪ ಅಮ್ಮನ ಮನೆಯಲ್ಲೇ ಬಾಳುವ ನಮ್ಮಲ್ಲಿ ಇದರ ಪರಿಣಾಮ ಊಹಿಸಬಹುದು. 'ಮನೆ ನನ್ನ ಹೆಸರಲ್ಲಿದೆ' ಎಂದು ಅತ್ತೆ ಹೇಳಿದರೆ ಸೊಸೆ ಬೀದಿಗೆ ಬೀಳುವಂತಾಯಿತು. 2020ರ ಅಕ್ಟೋಬರ್ 15ರಂದು ಅದೇ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ತಪ್ಪೆಂದಿತು. ಹಾಗೆಂದು ಹಕ್ಕು ಪರಿಪೂರ್ಣವಲ್ಲ. ವಯಸ್ಸಾದ ಅತ್ತೆ-ಮಾವನ ನೆಮ್ಮದಿಯನ್ನೂ ತೂಗಿ, ಅದೇ ಮಟ್ಟದ ಬೇರೆ ಮನೆ ಮಾಡಿಕೊಡಲು ಕೋರ್ಟು ಗಂಡನಿಗೆ ಹೇಳಬಹುದು.

ಈ ಕಾಯ್ದೆಯಡಿ ನೊಂದವಳಿಗೆ ನೆರವಾಗುವ ಅಧಿಕಾರಿಯೇ ಸಂರಕ್ಷಣಾಧಿಕಾರಿ; ಕರ್ನಾಟಕದಲ್ಲಿ ಆ ಹೊಣೆ ಹೊತ್ತವರು ಸಿಡಿಪಿಒಗಳು (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು). ಅವರು ನಡೆದ ಹಿಂಸೆಯ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಎಫ್‌ಐಆರ್ ಬೇಕಿಲ್ಲ, ನೇರವಾಗಿ ಕೋರ್ಟಿಗೂ ಹೋಗಬಹುದು. ತವರಿಗೆ ಬಂದಿದ್ದರೆ ಆ ಊರಿನ ಕೋರ್ಟೇ ಸಾಕು. ವರದಿ ಸೊರಗುವುದು 'ದಿನಾ ಹೊಡೀತಾರೆ' ಎಂಬ ಒಂದೇ ಸಾಲಿನಿಂದ. ದಿನಾಂಕ, ಜಾಗ, ಕಂಡವರು, ಆಸ್ಪತ್ರೆಯ ಚೀಟಿ ಇರಲಿ. ಒಡವೆಗಳ ಪಟ್ಟಿಯೂ ಇರಲಿ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಎನ್ನುತ್ತದೆ ಕಾಯ್ದೆ. ಕೋರ್ಟಿನ ವಾಸ್ತವ ಬೇರೆ. ಆದ್ದರಿಂದ ಮೊದಲ ದಿನವೇ ಅಫಿಡವಿಟ್ (ಪ್ರಮಾಣ ಪತ್ರ) ಸಮೇತ ಮಧ್ಯಂತರ ಆದೇಶ, ಅಂದರೆ ಅಂತಿಮ ತೀರ್ಪಿಗೆ ಮುನ್ನವೇ ಸಿಗುವ ತಾತ್ಕಾಲಿಕ ಆದೇಶ, ಕೇಳಬೇಕು. ಇದನ್ನು ಬಿಟ್ಟವರೇ ಹೆಚ್ಚು ಕಾಯುವುದು.

ಈಗಲೇ ಪ್ರಾಣಭಯವಿದ್ದರೆ 112. ಸಲಹೆಗೆ ಮಹಿಳಾ ಸಹಾಯವಾಣಿ 181. ಹಿಂಸೆಗೊಳಗಾದ ಹೆಂಗಸರಿಗೆಂದೇ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಉಳಿಯಬಹುದು. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ಸಂಖ್ಯೆ 15100.

ಕೋರ್ಟಿನ ಆದೇಶದ ಪ್ರತಿ ಉಚಿತ, ಪೊಲೀಸ್ ಠಾಣೆಗೂ ಒಂದು ಹೋಗಬೇಕು. ತಲುಪಿದೆಯೇ ಎಂದು ವಿಚಾರಿಸಿ: ಹಿಂಸೆ ಮಾಡಕೂಡದೆಂದು ಕೋರ್ಟ್ ಕೊಟ್ಟ ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ವಾರಂಟ್ ಇಲ್ಲದೆಯೇ ಬಂಧಿಸಬಹುದು.