ಮೋಶೆ ‘ಒಲ್ಲೆ’ ಎಂದದ್ದು ಅವಿಶ್ವಾಸವೇ?

ಪ್ರಶ್ನೆ: ಬೈಬಲಿನಲ್ಲಿ ದೇವರೇ ಕರೆದರೂ ಮೋಶೆ ಮತ್ತೆ ಮತ್ತೆ ಹಿಂಜರಿದ. ಜನನಾಯಕ ಗಿದ್ಯೋನ, ಪ್ರವಾದಿ ಯೆರೆಮೀಯ ಕೂಡ ಹಾಗೇ ಮಾಡಿದರು. ಆತ್ಮದ ವರ ಪಡೆಯುವವರಿಗೆ ಇಷ್ಟೊಂದು ಅಳುಕು ಯಾಕೆ? ಇದು ನಂಬಿಕೆಯ ಕೊರತೆಯಲ್ಲವೇ?

ಉತ್ತರ: ‘ವರ’ ಅನ್ನುವ ಮಾತೇ ನಮ್ಮನ್ನು ಇಲ್ಲಿ ಕೊಂಚ ದಾರಿ ತಪ್ಪಿಸುತ್ತದೆ. ನಮ್ಮ ಕಡೆಯ ಪುರಾಣಗಳಲ್ಲಿ ವರ ಸಿಗುವುದು ಬೇಡಿದವನಿಗೆ. ಅವನು ಒಂಟಿ ಕಾಲಲ್ಲಿ ತಪಸ್ಸಿಗೆ ನಿಲ್ಲಬೇಕು, ದೇವರು ಪ್ರತ್ಯಕ್ಷವಾಗಿ ‘ಏನು ಬೇಕು ಕೇಳು’ ಅನ್ನಬೇಕು. ಮೋಶೆ ಏನನ್ನೂ ಕೇಳಿರಲಿಲ್ಲ. ಮಾವನ ಕುರಿ ಮೇಯಿಸುತ್ತ ಹೋರೇಬ್ ಬೆಟ್ಟದ ಕಡೆ ಹೋಗಿದ್ದ. ಹೊತ್ತಿ ಉರಿಯುತ್ತಿದ್ದರೂ ಬೂದಿಯಾಗದ ಪೊದೆಯೊಂದು ಕಂಡಿತು, ಇದೇನೆಂದು ನೋಡಲು ಹತ್ತಿರ ಹೋದ. ಅಲ್ಲಿ ಅವನಿಗೆ ಸಿಕ್ಕಿದ್ದು ಒಂದು ಕೆಲಸ: ಐಗುಪ್ತದ ಅರಸ ಫರೋಹನ ಗುಲಾಮಗಿರಿಯಿಂದ ತನ್ನ ಜನರಾದ ಇಸ್ರಾಯೇಲ್ಯರನ್ನು ಬಿಡಿಸಿ ತರುವುದು. ಮುಂದೆ ಫರೋಹನ ಎದುರು ಮಾತಾಡಿದಾಗ ಅವನಿಗೆ 80 ವರ್ಷ.

ವಿಮೋಚನಕಾಂಡದ 3 ಮತ್ತು 4ನೆಯ ಅಧ್ಯಾಯಗಳಲ್ಲಿ ಅವನು ಐದು ಸಲ ತಕರಾರು ತೆಗೆಯುತ್ತಾನೆ. ಮೊದಲನೆಯದು, ‘ಫರೋಹನ ಹತ್ತಿರ ಹೋಗಲು ನಾನು ಎಷ್ಟರವನು?’ ಇದಕ್ಕೆ ‘ನೀನು ಸಮರ್ಥ’ ಎಂಬ ಹೊಗಳಿಕೆ ಬರುವುದಿಲ್ಲ. ‘ನಾನು ನಿನ್ನ ಸಂಗಡ ಇರುತ್ತೇನೆ’ ಎಂಬ ಮಾತು ಬರುತ್ತದೆ. ನಾಲ್ಕನೆಯ ಸಲ ತನಗೆ ಮಾತು ಬರುವುದಿಲ್ಲ ಎನ್ನುತ್ತಾನೆ. ಹೀಬ್ರೂ ಮೂಲದಲ್ಲಿ ಅದು ‘ಬಾಯಿ ಭಾರ, ನಾಲಿಗೆ ಭಾರ’ ಎಂದಿದೆ. ಈ ‘ಭಾರ’ ಮುಂದೆ ಮತ್ತೆ ಬರುತ್ತದೆ. ನಾಲ್ಕಕ್ಕೂ ಉತ್ತರ ಸಿಕ್ಕಿತು. ಐದನೆಯ ಸಲ ಕಾರಣವನ್ನೂ ಹೇಳದೆ ‘ಬೇರೆ ಯಾರನ್ನಾದರೂ ಕಳಿಸು’ ಅಂದಾಗ ಮಾತ್ರ ದೇವರಾದ ಯೆಹೋವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೂ ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ಅಳುಕಿಗೆ ಅಲ್ಲಿ ಜಾಗವಿತ್ತು, ನುಣುಚಿಕೊಳ್ಳುವುದಕ್ಕೆ ಇರಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದೇ.

ಹಾಗೆಂದು ಹಿಂಜರಿಕೆಯನ್ನೇ ದೊಡ್ಡ ಗುಣ ಮಾಡಿಕೊಳ್ಳಬಾರದು. ಇಸ್ರಾಯೇಲಿನ ಮೊದಲ ಅರಸನಾದ ಸೌಲ, ಆತ್ಮ ಇಳಿದು ಬಂದ ಮೇಲೂ, ಅರಸನ ಆಯ್ಕೆಯ ದಿನ ಸಾಮಾನುಗಳ ನಡುವೆ ಅಡಗಿ ಕೂತ. ಆ ಸಂಕೋಚ ಅವನನ್ನು ಕಾಪಾಡಲಿಲ್ಲ, ಕೊನೆಗೆ ಆತ್ಮ ಅವನನ್ನು ಬಿಟ್ಟುಹೋಯಿತು. ಗಿದ್ಯೋನ ‘ನಾನು ನಿಮ್ಮನ್ನು ಆಳುವುದಿಲ್ಲ’ ಎಂದು ಗಟ್ಟಿಯಾಗಿ ಹೇಳಿದ. ಅದರ ಬೆನ್ನಲ್ಲೇ ಜನರ ಚಿನ್ನದ ಮುರುವು ಕೇಳಿ ಪಡೆದು ಏಫೋದು ಎಂಬ ಯಾಜಕರ ಉಡುಪು ಮಾಡಿಸಿದ, ಅದು ಅವನ ಮನೆಯವರಿಗೇ ಉರುಲಾಯಿತು.

ಈ ವಿಷಯ ಪೂರ್ತಿ ಬಿಚ್ಚಿಕೊಳ್ಳುವುದು ಬೈಬಲಿನ ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ. ಐಗುಪ್ತದಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿರುವ ಜನರಿಗೆ ದೇವರು ಕೊಡುವ ಮನ್ನ ಎಂಬ ಆಹಾರ ತಿಂದು ತಿಂದು ಬೇಸರವಾಗಿದೆ. ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಒಬ್ಬೊಬ್ಬರೂ ತಮ್ಮ ಗುಡಾರದ ಬಾಗಿಲಲ್ಲಿ ಕೂತು ಅಳುತ್ತಾರೆ. ಮೋಶೆ ದೇವರ ಮೇಲೆ ಹರಿಹಾಯುತ್ತಾನೆ: ಇವರನ್ನೆಲ್ಲ ಹೊತ್ತು ಹೆತ್ತವನು ನಾನೇ? ಮೊಲೆಗೂಸನ್ನು ಎದೆಗಪ್ಪಿಕೊಂಡು ಹೋಗುವ ಹಾಗೆ ನಾನು ಇವರನ್ನು ಎತ್ತಿಕೊಂಡು ಹೋಗಬೇಕೇ? ನನ್ನೊಬ್ಬನಿಂದ ಆಗದು, ಇದು ನನಗೆ ಬಲು ಭಾರ. ಹೀಗೇ ಮಾಡುವುದಾದರೆ ನನ್ನನ್ನು ಕೊಂದುಬಿಡು. ಬಾಯಿ, ನಾಲಿಗೆಗೆ ಬಳಸಿದ ಅದೇ ಹೀಬ್ರೂ ಮಾತು ಇಲ್ಲಿ ಜನರ ಹೊರೆಗೆ ಬಂದಿದೆ.

ಈ ಸಲ ಬೈಗುಳ ಬರುವುದಿಲ್ಲ. ‘70 ಮಂದಿ ಹಿರಿಯರನ್ನು ಕರೆದು ತಾ, ನಿನ್ನ ಮೇಲಿರುವ ಆತ್ಮದಲ್ಲಿ ಸ್ವಲ್ಪವನ್ನು ಅವರ ಮೇಲೆ ಇಡುತ್ತೇನೆ, ಅವರೂ ನಿನ್ನ ಜೊತೆ ಹೊರುತ್ತಾರೆ’ ಎನ್ನುತ್ತಾನೆ ಯೆಹೋವ. ದೇವದರ್ಶನದ ಗುಡಾರದ ಸುತ್ತ ನಿಂತ ಹಿರಿಯರು ಪ್ರವಾದಿಸುತ್ತಾರೆ, ಅಂದರೆ ಆತ್ಮದ ಪ್ರೇರಣೆಯಿಂದ ಮಾತಾಡುತ್ತಾರೆ, ಅದೊಂದೇ ಸಲ. ಆದರೆ ಎಲ್ದಾದ್, ಮೇದಾದ್ ಎಂಬಿಬ್ಬರು ಅಲ್ಲಿಗೆ ಬಂದೇ ಇರಲಿಲ್ಲ, ಪಾಳೆಯದಲ್ಲೇ ಉಳಿದಿದ್ದರು. ಅವರ ಮೇಲೂ ಆತ್ಮ ಬಂತು. ಒಬ್ಬ ಹುಡುಗ ಓಡಿ ಬಂದು ಸುದ್ದಿ ಮುಟ್ಟಿಸಿದ. ಚಿಕ್ಕಂದಿನಿಂದ ಮೋಶೆಯ ಸೇವೆಯಲ್ಲಿದ್ದ ಯೆಹೋಶುವನಿಗೆ ತಡೆಯಲಾಗಲಿಲ್ಲ: ‘ಸ್ವಾಮೀ, ಅವರನ್ನು ನಿಲ್ಲಿಸಿ!’ ಮೋಶೆ ಕೇಳಿದ: ‘ನನ್ನ ಸಲುವಾಗಿ ನಿನಗೆ ಹೊಟ್ಟೆಕಿಚ್ಚೇ? ಯೆಹೋವನ ಜನರೆಲ್ಲ ಪ್ರವಾದಿಗಳೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!’

ಕುರ್ಚಿಗೆ ಆಸೆಪಟ್ಟು ಬಂದವನ ಬಾಯಲ್ಲಿ ಈ ಮಾತು ಬರುವುದು ಕಷ್ಟ. ಭಾರ ಎಷ್ಟೆಂದು ಹೊತ್ತು ನೋಡಿದವನಿಗೆ ಇನ್ನೊಬ್ಬರ ಹೆಗಲು ಕಂಡರೆ ಆಗುವ ಸಂತೋಷ ಅದರಲ್ಲಿದೆ. ಪ್ರತಿ ಸಲ ಓದುವಾಗಲೂ ನನ್ನ ಕಣ್ಣು ಈ ವಾಕ್ಯದ ಮೇಲೆ ನಿಲ್ಲುತ್ತದೆ.

ಕನ್ನಡ ಸತ್ಯವೇದದಲ್ಲಿ ಕಾಣದ ಒಂದು ಸಂಗತಿಯನ್ನೂ ಹೇಳಬೇಕು. ನಾವು ‘ಆತ್ಮ’ ಎಂದು ಓದುವ ಕಡೆ ಹೀಬ್ರೂವಿನಲ್ಲಿರುವ ಮಾತು ‘ರೂಅಖ್’. ಉಸಿರು, ಗಾಳಿ ಎಂಬ ಅರ್ಥಗಳೂ ಅದಕ್ಕಿವೆ. ನಮ್ಮ ಭಾಷೆಯ ಆತ್ಮ ಮನುಷ್ಯನ ಒಳಗೇ ಇರುವಂಥದ್ದು. ರೂಅಖ್ ಹೊರಗಿನಿಂದ ಬೀಸಿ ಬರುವಂಥದ್ದು. ಮೋಶೆಯೂ ಹಿರಿಯರೂ ಪಾಳೆಯಕ್ಕೆ ಮರಳಿದರು ಎಂದ ಮೇಲೆ ಮುಂದಿನ ವಚನದಲ್ಲೇ ಯೆಹೋವನ ಕಡೆಯಿಂದ ಗಾಳಿ ಎದ್ದು, ಸಮುದ್ರದ ಕಡೆಯಿಂದ ಲಾವಕ್ಕಿಗಳನ್ನು ಹೊಡೆದುಕೊಂಡು ಬಂದು ಪಾಳೆಯದ ಸುತ್ತ ಬೀಳಿಸುತ್ತದೆ. ಅಲ್ಲಿ ‘ಗಾಳಿ’ಗೆ ಇರುವ ಮಾತೂ ರೂಅಖ್.