ಆಲ್ಪ್ಸ್ ಬೆನ್ನಿಗಿಟ್ಟುಕೊಂಡ ತೋಟ

ಇಟಲಿಯ ಲಿಗುರಿಯಾ ಕರಾವಳಿಯ ಪಶ್ಚಿಮ ತುದಿಯಲ್ಲಿ, ಫ್ರಾನ್ಸ್ ಗಡಿಗೆ ತಾಗಿದಂತೆ ಲಾ ಮೊರ್ತೊಲಾ ಎಂಬ ಊರಿದೆ. ಶಾಂಘೈ ವ್ಯಾಪಾರದಲ್ಲಿ ಹಣ ಮಾಡಿದ್ದ ಇಂಗ್ಲಿಷ್ ವರ್ತಕ ಥಾಮಸ್ ಹ್ಯಾನ್ಬರಿ 1867ರಲ್ಲಿ ಇಲ್ಲಿನ ಪಲಾಜ್ಜೊ ಒರೆಂಗೊ ಎಂಬ ಹಳೆಯ ಬಂಗಲೆಯನ್ನು ಕೊಂಡ. ಅಣ್ಣ ಡೇನಿಯಲ್ ಔಷಧ ಸಸ್ಯಗಳನ್ನು ಅರೆದು ಕುಡಿದವನು. ತಮ್ಮನ ದುಡ್ಡು, ಅಣ್ಣನ ವಿದ್ಯೆ ಎರಡೂ ಸೇರಿ ಕಡಲಿಗಿಳಿಯುವ ಗುಡ್ಡವೇ ಸಸ್ಯೋದ್ಯಾನವಾಯಿತು. ಇಂದು ಅದರ ವಿಸ್ತಾರ 18 ಹೆಕ್ಟೇರ್.

ಮೆಕ್ಸಿಕೋದ ಕತ್ತಾಳೆ, ಆಫ್ರಿಕದ ಲೋಳೆಸರಗಳು ಇಲ್ಲಿ ಚಳಿಗಾಲವನ್ನೂ ಬಯಲಲ್ಲೇ ಕಳೆಯುತ್ತವೆ. ಕಡಲು ಪಕ್ಕದಲ್ಲಿದೆ, ಅದಕ್ಕೇ ಎಂದುಬಿಡುವುದು ಸುಲಭ. ಆದರೆ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿರುವ ರಷ್ಯಾದ ವ್ಲಾದಿವೊಸ್ತೋಕ್ ಕೂಡ ಬಂದರು. ಅಲ್ಲಿ ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತದೆ. ಸೈಬೀರಿಯದ ಗಾಳಿಗೆ ಅಲ್ಲಿ ಅಡ್ಡಿಯಿಲ್ಲ. ಲಾ ಮೊರ್ತೊಲಾದಲ್ಲಿ ಉತ್ತರದ ಗಾಳಿಯನ್ನು ಆಲ್ಪ್ಸ್ ತಡೆಯುತ್ತದೆ, ಬೇಸಿಗೆಯ ಶಾಖವನ್ನು ಹಿಡಿದಿಟ್ಟ ಕಡಲು ಅದನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಇಳಿಜಾರಿನ ಪಾಲೂ ದೊಡ್ಡದು. ಡಿಸೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ಇಲ್ಲಿ 23 ಡಿಗ್ರಿಯಷ್ಟೇ ಮೇಲೇರುತ್ತಾನೆ. ದಕ್ಷಿಣಕ್ಕೆ 20 ಡಿಗ್ರಿ ಓರೆಯಾಗಿರುವ ನೆಲಕ್ಕೆ ಆಗ ಸಮತಟ್ಟು ನೆಲಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ನೇರ ಬಿಸಿಲು ಸಿಗುತ್ತದೆ. ರಾತ್ರಿ ತಣ್ಣಗಾದ ಭಾರದ ಗಾಳಿಯೂ ಗಿಡಗಳ ಬುಡದಲ್ಲಿ ನಿಲ್ಲದೆ ಕೆಳಗೆ ಜಾರಿಹೋಗುತ್ತದೆ.

ಬೇಸಿಗೆಯಲ್ಲಿ ಮಳೆ ಬಲು ಕಡಿಮೆ. ಕತ್ತಾಳೆಗೆ ಅದರ ಚಿಂತೆಯೂ ಇಲ್ಲ. ಅದು ಎಲೆಯ ರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲು ರಂಧ್ರ ಮುಚ್ಚಿಕೊಂಡು ಅದರಿಂದ ಸಕ್ಕರೆ ತಯಾರಿಸುತ್ತದೆ. ಕಾಡುಬಸಳೆಯ ಎಲೆಯಲ್ಲೂ ಇದೇ ಆಟ. ಬೆಳಿಗ್ಗೆ ಹುಳಿಯಾಗಿರುವ ಅದರ ಎಲೆ ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು 19ನೇ ಶತಮಾನದ ಆರಂಭದಲ್ಲೇ ಅಗಿದು ನೋಡಿ ಬರೆದಿಟ್ಟವನು ಬೆಂಜಮಿನ್ ಹೈನ್. ನಮ್ಮ ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ಕೆಲಕಾಲ ಹೊತ್ತಿದ್ದ ಸಸ್ಯವಿಜ್ಞಾನಿ.

ಸಾಮಾನ್ಯ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿಟ್ಟರೆ ನೂರು ವರ್ಷದ ನಂತರವೂ ಗುರುತಿಸಬಹುದು. ಕತ್ತಾಳೆಯ ದಪ್ಪ ಪಟ್ಟೆಯನ್ನು ಹಾಗೆ ಒತ್ತಿದರೆ ಆಕಾರ, ಬಣ್ಣ ಎರಡೂ ಕೆಡುತ್ತವೆ. ಕೆಲವು ಜಾತಿಗಳು ಹೂ ಬಿಡಲು ದಶಕಗಳನ್ನೇ ತೆಗೆದುಕೊಂಡು, ಒಮ್ಮೆ ಬಿಟ್ಟು ಸಾಯುತ್ತವೆ. ಹಾಗಾಗಿ ಅವುಗಳನ್ನು ವಿಂಗಡಿಸಲು ಬದುಕಿರುವ ಗಿಡಗಳೇ ಬೇಕು, ಕಾಯುವ ತಾಳ್ಮೆಯೂ ಬೇಕು. ಈ ತೋಟದ ಮೇಲ್ವಿಚಾರಕನಾಗಿದ್ದ ಜರ್ಮನಿಯ ಆಲ್ವಿನ್ ಬೆರ್ಗರ್‌ಗೆ ಎರಡೂ ಇದ್ದವು. 1914ರವರೆಗೆ ಇಲ್ಲಿ ದುಡಿದ ಆತ ಮರುವರ್ಷವೇ ಕತ್ತಾಳೆ ಕುಲದ ಬಗ್ಗೆ ಸಮಗ್ರ ಗ್ರಂಥ ಪ್ರಕಟಿಸಿದ.