ಇಟಲಿಯ ಕುಟುಂಬ, ಅಮೆರಿಕದ ಅಡುಗೆಮನೆ

ಅಮೆರಿಕದಲ್ಲಿ 'ಇಟಾಲಿಯನ್ ಕುಟುಂಬ' ಎಂಬ ಮಾತಿಗೆ ಒಳ್ಳೆಯ ಬೆಲೆ ಇದೆ. ಓಟು ಕೇಳುವವರು ಅದನ್ನು ಹೊಗಳುತ್ತಾರೆ. ಪಾಸ್ತಾ ಸಾಸ್ ಮಾರುವವರು ಅದನ್ನೇ ಬಾಟಲಿಗೆ ಅಂಟಿಸುತ್ತಾರೆ. ಭಾನುವಾರದ ಉದ್ದನೆಯ ಊಟ, ದೊಡ್ಡ ದನಿಯ ಚಿಕ್ಕಪ್ಪಂದಿರು, ಎಲ್ಲರನ್ನೂ ಹಿಡಿತದಲ್ಲಿಟ್ಟ ಅಜ್ಜಿ. ಇದೆಲ್ಲ ಹಡಗು ಹತ್ತಿ ಇಟಲಿಯಿಂದ ಇಡಿಯಾಗಿ ಬಂತು ಅಂತ ನಂಬಿಕೆ. ಆದರೆ ಅರ್ಧದಷ್ಟಾದರೂ ತಯಾರಾದದ್ದು ಅಮೆರಿಕದಲ್ಲೇ.

ಇಟಲಿ ಒಂದು ದೇಶವಾದದ್ದು 1861ರಲ್ಲಿ. ದಕ್ಷಿಣದ ರೈತನಿಗೆ ಅದರಿಂದ ಸಿಕ್ಕಿದ್ದು ತೆರಿಗೆ ಮತ್ತು ಕಡ್ಡಾಯ ಸೇನೆ. 1880ರಿಂದ 1924ರೊಳಗೆ 40 ಲಕ್ಷಕ್ಕೂ ಜಾಸ್ತಿ ಜನ ಅಮೆರಿಕಕ್ಕೆ ಬಂದರು. ದಕ್ಷಿಣದ ಸಿಸಿಲಿ, ಕಲಾಬ್ರಿಯಾ, ನೇಪಲ್ಸ್ ಸುತ್ತಮುತ್ತಲಿನವರೇ ಹೆಚ್ಚು. ಮೊದಲು ಬಂದವರು ಒಂಟಿ ಗಂಡಸರು. ನಾಲ್ಕು ಕಾಸು ಮಾಡಿಕೊಂಡು ವಾಪಸ್ ಹೋಗುವುದೇ ಅವರ ಲೆಕ್ಕ, ತುಂಬಾ ಜನ ಹೋದರು ಕೂಡ. ಒಟ್ಟಿಗೇ ಇರುವ ಕುಟುಂಬ ಅಂತ ಹೆಸರಾದವರು ಶುರು ಮಾಡಿದ್ದು ವರ್ಷಗಟ್ಟಲೆ ದೂರ ಇದ್ದು.

ಊಟದ ಕಥೆಯೂ ಹಾಗೇ. ಊರಿನಲ್ಲಿ ಬಡವನ ಮನೆಗೆ ಮಾಂಸ ಬರುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ಅಮೆರಿಕದಲ್ಲಿ ಅದು ಕೂಲಿಯವನ ಕೈಗೂ ಎಟುಕಿತು. ಸಾಸ್‌ನಲ್ಲಿ ಗಂಟೆಗಟ್ಟಲೆ ಬೇಯುವ ಮಾಂಸದುಂಡೆ, ಸಾಸೇಜು ಪ್ರತಿ ಭಾನುವಾರದ ಮಾತಾಯಿತು. ಊರಿನ ಸಾಹುಕಾರನ ಊಟವನ್ನು ಕೂಲಿಯವನು ವಾರಕ್ಕೊಮ್ಮೆ ಉಂಡ.

ಇದನ್ನೆಲ್ಲ ನಡೆಸಿದವರು ಯಾರು? ನ್ಯೂಯಾರ್ಕಿನ ಇಕ್ಕಟ್ಟಾದ ಬಾಡಿಗೆ ಮನೆಗಳಲ್ಲಿ ಊಟದ ಮೇಜೇ ಕಾರ್ಖಾನೆ. ತಾಯಿ, ಮಕ್ಕಳು ರಾತ್ರಿವರೆಗೆ ಕೂತು ಟೋಪಿಗೆ ಸಿಕ್ಕಿಸುವ ಕಾಗದದ, ಬಟ್ಟೆಯ ಹೂವು ಮಾಡುತ್ತಿದ್ದರು. ಬಾಲಕಾರ್ಮಿಕರ ಚಿತ್ರ ತೆಗೆದು ಹೆಸರಾದ ಲೂಯಿಸ್ ಹೈನ್ ಅವರ ಫೋಟೋಗಳಲ್ಲಿ ಪುಟ್ಟ ಮಕ್ಕಳ ಕೈಯಲ್ಲೂ ಕೆಲಸ ಇದೆ. ದೊಡ್ಡ ಹೆಣ್ಣುಮಕ್ಕಳು ಬಟ್ಟೆ ಕಾರ್ಖಾನೆಗೆ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತಾಗ, ಅವರಲ್ಲಿ ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು. ಸಂಬಳದ ಕವರ್ ಒಡೆಯದೆ ಅಮ್ಮನ ಕೈಗೆ ಕೊಡುವುದು ರೂಢಿ. ಮನೆಯ ಮಾನ ಅಂತ ಹೇಳುತ್ತಿದ್ದರು. ಬಾಡಿಗೆ ಕಟ್ಟಲು ಬೇರೆ ದಾರಿ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ.

ದೊಡ್ಡ ಜಗಳ ನಡೆದದ್ದು ಶಾಲೆಯ ಜೊತೆ. ಮಕ್ಕಳನ್ನು ತನಗಿಂತ ಮೇಲೇರಿಸುವವನು ಪೆದ್ದ ಎಂಬ ಗಾದೆ ದಕ್ಷಿಣದಿಂದ ಬಂದಿತ್ತು. ಕೇಳಲು ಕಟುವಾಗಿದೆ, ಅಲ್ವಾ? ಓದಿದ ಮಗ ಮನೆ ಬಿಟ್ಟು ಹೋದರೆ ಮುಪ್ಪಿನಲ್ಲಿ ಅನ್ನ ಹಾಕುವವರು ಯಾರು ಎಂಬ ಭಯ ಅದರೊಳಗಿದೆ. ಪಿಂಚಣಿ ಇಲ್ಲದ ಕಾಲ. ದಕ್ಷಿಣ ಇಟಲಿಯ ಬಸಿಲಿಕಾಟದ ಅವಿಲ್ಯಾನೊದಲ್ಲಿ 1887ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದ ಲಿಯೊನಾರ್ಡ್ ಕೊವೆಲ್ಲೊ ಈ ಜಗಳದ ಮಧ್ಯೆಯೇ ಬೆಳೆದರು. ಅಪ್ಪ ಅಮ್ಮನ ಬಗ್ಗೆ ನಾಚಿಕೆಪಡುವುದನ್ನು ಕಲಿತೇ ನಾವು ಅಮೆರಿಕನ್ನರಾಗುತ್ತಿದ್ದೆವು ಎಂದು ಮುಂದೆ ಅವರು ಬರೆದರು. 1934ರಲ್ಲಿ ನ್ಯೂಯಾರ್ಕಿನ ಇಟಾಲಿಯನ್ ಕೇರಿ ಈಸ್ಟ್ ಹಾರ್ಲೆಮ್‌ನ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದಾಗ, ಮಕ್ಕಳ ಜೊತೆ ತಂದೆ ತಾಯಂದಿರನ್ನೂ ಶಾಲೆಯೊಳಗೆ ಕರೆತಂದರು. ಸರಳ ಉಪಾಯ, ಆದರೆ ಅದಕ್ಕೆ ಅಷ್ಟು ವರ್ಷ ಬೇಕಾಯಿತು.

ಅದೇ ಕೇರಿಯ 115ನೇ ಬೀದಿಯಲ್ಲಿ ಮೌಂಟ್ ಕಾರ್ಮೆಲ್ ಮಾತೆಯ ಚರ್ಚು. ಇಟಾಲಿಯನ್ನರಿಗೆ ಮೊದಮೊದಲು ಜಾಗ ಸಿಕ್ಕಿದ್ದು ನೆಲಮಾಳಿಗೆಯಲ್ಲಿ. ಆದರೆ ಪ್ರತಿ ಜುಲೈ 16ಕ್ಕೆ ಇಡೀ ಬೀದಿ ಅವರದು. ಹೆಂಗಸರು ಬರಿಗಾಲಿನಲ್ಲಿ, ಹರಕೆಯ ಮೇಣದಬತ್ತಿ ಹಿಡಿದು ಮೆರವಣಿಗೆಯಲ್ಲಿ ನಡೆಯುತ್ತಿದ್ದರು. ಕೆಲಸಕ್ಕಲ್ಲದೆ ಮಗಳನ್ನು ಬಾಗಿಲಾಚೆ ಬಿಡದ ಮನೆಗಳಿಗೂ ಆ ದಿನ ಬೀದಿ ಅಂಗಳವಾಗುತ್ತಿತ್ತು.

ಮುಂದಿನದು ಬೇಗ ನಡೆಯಿತು. 1924ರ ಕಾನೂನು ಇಟಲಿಯಿಂದ ಬರುವವರನ್ನು ವರ್ಷಕ್ಕೆ 4,000ಕ್ಕೂ ಕೆಳಗಿಳಿಸಿತು, ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಪೌರತ್ವ ಪಡೆಯದಿದ್ದ ಸುಮಾರು 6 ಲಕ್ಷ ಇಟಾಲಿಯನ್ನರು 'ಶತ್ರು ದೇಶದವರು' ಎನಿಸಿಕೊಂಡರು, ಮನೆಮಾತಿನ ದನಿ ತಗ್ಗಿತು, ಗಂಡುಮಕ್ಕಳು ಯುದ್ಧದಿಂದ ಬಂದ ಸೈನಿಕರಿಗೆ ಸಿಗುತ್ತಿದ್ದ ಸಾಲದಲ್ಲಿ ಉಪನಗರಗಳಲ್ಲಿ ಮನೆ ಕೊಂಡರು, ಮೊಮ್ಮಕ್ಕಳು ಐರಿಷ್, ಪೋಲಿಷ್ ಮನೆಗಳ ಅಳಿಯ, ಸೊಸೆಯರಾದರು. ಹಳೆಯ ಕೇರಿ ಖಾಲಿಯಾದ ಮೇಲೆ ಅದರ ಮೇಲಿನ ಪ್ರೀತಿ ಜಾಸ್ತಿಯಾಯಿತು. ಸಂಬಳದ ಕವರ್ ಮರೆತುಹೋಯಿತು, ಮಾಂಸದುಂಡೆ ಉಳಿಯಿತು.

ಆ ಪ್ರೀತಿ ಕೊನೆಗೆ ಪಾಸ್‌ಪೋರ್ಟ್ ಅರ್ಜಿಯವರೆಗೂ ಬಂತು. ಮುತ್ತಜ್ಜನ ದಾಖಲೆ ಹಿಡಿದು ಇಟಲಿಯ ಪೌರತ್ವ ಕೇಳಬಹುದಿತ್ತು. ತಾಯಿಯ ಕಡೆಯಿಂದ ಕೇಳುವವರಿಗೆ ಮಾತ್ರ ತೊಡಕು. 1948ಕ್ಕೆ ಮೊದಲು ಹುಟ್ಟಿದ ಮಗುವಿಗೆ ತಾಯಿಯಿಂದ ಪೌರತ್ವ ಬಂದಿದೆ ಎಂದು ಹೇಳಿಸಿಕೊಳ್ಳಲು ಕೋರ್ಟಿಗೆ ಹೋಗಬೇಕಿತ್ತು. 2025ರಲ್ಲಿ ಇಟಲಿ ನಿಯಮ ಬಿಗಿ ಮಾಡಿತು. ಹೊರದೇಶದಲ್ಲಿ ಹುಟ್ಟಿ ಇನ್ನೊಂದು ಪೌರತ್ವ ಇರುವವರಿಗೆ ಲೆಕ್ಕ ಬಹುತೇಕ ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ನಿಲ್ಲುತ್ತದೆ, ಅದಕ್ಕೂ ಷರತ್ತುಗಳಿವೆ. ಊಟದ ಮೇಜಿನ ಮೇಲೆ ಹೂವು ಕಟ್ಟಿದ ಹೆಂಗಸರು ಈಗಿನ ಅರ್ಜಿದಾರರಿಗೆ ಹೆಚ್ಚಾಗಿ ಮುತ್ತಜ್ಜಿಯರು.